ಬಿಸಿ ತಾಗದ ಕಾಲು

ಮಾಟುಂಗದ ಆ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಾನು ಇಪ್ಪತ್ತೆರಡು ವರ್ಷ ನಿಂತಿದ್ದೆ. ಜಾತಿಯಲ್ಲಿ ನಾನು ಭಟ್ಟನಲ್ಲ. ಆದರೆ ಉಡುಪಿ ಕಡೆಯವರ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತವನೆಲ್ಲ ಭಟ್ಟನೇ. ಹಾಗಾಗಿ ಧನಿಯಿಂದ ಹಿಡಿದು ತಟ್ಟೆ ತೊಳೆಯುವವರವರೆಗೆ ಎಲ್ಲರಿಗೂ ನಾನು ‘ದೋಸೆ ಭಟ್ರು’. ಕಾವಲಿ ಎಂದರೆ ಮನೆಯಲ್ಲಿರುವಂಥ ಕಾವಲಿಯಲ್ಲ. ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದದ ಕಬ್ಬಿಣದ ಹಲಗೆ, ಅಡಿಯಲ್ಲಿ ಮೂರು ಒಲೆ. ಅದರ ಕಾವು ಮುಖಕ್ಕಿಂತ ಹೆಚ್ಚು ಕಾಲಿಗೆ ಬಡಿಯುತ್ತದೆ. ಹೊಸಬರು ಒಂದು ವಾರ ನಿಂತರೆ ಸಾಕು, ಮೊಣಕಾಲಿನ ಕೆಳಗೆ ಚರ್ಮ ಕೆಂಪೇರಿ ರಜೆ ಕೇಳುತ್ತಿದ್ದರು. ನನಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಕೊನೆಯ ಎರಡು ವರ್ಷಗಳಲ್ಲಂತೂ ಬಿಸಿ ಎಂಬುದು ಗೊತ್ತೇ ಆಗುತ್ತಿರಲಿಲ್ಲ.

ಧನಿಗೆ ಅದೊಂದು ದೊಡ್ಡ ಹೆಮ್ಮೆ. ಊರಿನಿಂದ ಯಾರಾದರೂ ಬಂದರೆ ಅವರನ್ನು ಒಳಗೆ ಕರೆದುಕೊಂಡು ಬಂದು, ಬೇಕೆಂದೇ ಕೇಳುತ್ತಿದ್ದರು. “ಭಟ್ರೇ, ಬಿಸಿ ತಾಗ್ತದಾ?”

“ಎಂತ ಬಿಸಿ ಧನಿ?” ಎಂದು ನಾನು ತಲೆ ಎತ್ತದೆ ದೋಸೆ ಹುಯ್ಯುತ್ತಿದ್ದೆ. ಬಂದವರು ಬೆರಗಾಗಬೇಕು, ಧನಿ ನಗಬೇಕು. ಇದು ನಮ್ಮಿಬ್ಬರ ಆಟ. ನಾನೂ ನಂಬಿದ್ದೆ, ಇದು ಇಷ್ಟು ವರ್ಷದ ತಪಸ್ಸಿನ ಫಲ ಅಂತ.

ಒಂದು ದಿನ ಬೆಳಿಗ್ಗೆ ಕುದಿಯುವ ಸಾಂಬಾರಿನ ಪಾತ್ರೆ ಓರೆಯಾಗಿ ನನ್ನ ಎಡಗಾಲಿನ ಮೇಲೆ ಚೆಲ್ಲಿತು. ನನಗೆ ಗೊತ್ತಾಗಲಿಲ್ಲ. ಇನ್ನೂ ಹತ್ತೋ ಹನ್ನೆರಡೋ ದೋಸೆ ಹುಯ್ದೆ. ಆರ್ಡರ್ ಒಯ್ಯಲು ಬಂದ ಸಪ್ಲಾಯರ್ ಕೆಳಗೆ ನೋಡಿ ಕೈಯಲ್ಲಿದ್ದ ತಟ್ಟೆ ಬಿಟ್ಟ. ಪಾದದ ಚರ್ಮ ಎದ್ದು ನಿಂತಿತ್ತು. ಆಗಲೂ ನಾನು ನಗುತ್ತಲೇ ಇದ್ದೆ, ನೋಡಿ ನನ್ನ ಬುದ್ಧಿ. ಅದಕ್ಕೆ ಅರಸಿನ ಹಚ್ಚಿ ಮೂರು ವಾರ ಹಾಗೇ ಕೆಲಸ ಮಾಡಿದೆ.

ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅದು ಎಷ್ಟೋ ವರ್ಷದಿಂದ ಒಳಗೇ ಕೂತು ಎಡಗಾಲಿನ ನರಗಳನ್ನು ಕೊಂದಿದೆಯಂತೆ, ಬಲಗಾಲಿನದು ಮದ್ದಿಗೆ ಉಳಿದೀತಂತೆ. ನಾನು ಸಾಧನೆ ಅಂದುಕೊಂಡದ್ದು ರೋಗ. ಮೊಣಕಾಲಿನಿಂದ ಒಂದು ಗೇಣು ಕೆಳಗೆ ಕಾಲು ತೆಗೆದರು. ಪಕ್ಕದ ಮಂಚದಲ್ಲಿ ಇನ್ನೊಬ್ಬರಿದ್ದರು, ಅವರದೂ ಅದೇ ಕಥೆ. ತೆಗೆದ ಕಾಲು ರಾತ್ರಿ ತುರಿಸುತ್ತದೆ, ಬೆರಳು ನೋಯುತ್ತದೆ ಎನ್ನುತ್ತಿದ್ದರು. ಹಲವರಿಗೆ ಹಾಗಾಗುತ್ತದೆ ಎಂದು ನರ್ಸೂ ಹೇಳಿದಳು. ನನಗೆ ಅದೂ ಇಲ್ಲ. ನನ್ನ ಕಾಲು ಒಂದು ಮಾತೂ ಹೇಳದೆ ಹೊರಟುಹೋಯಿತು.

ಆಮೇಲಿನ ಒಂದು ವರ್ಷ ಭಾಂಡುಪಿನ ನಮ್ಮ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಮಲಗಿದ್ದೆ. ಮಲಗಿದ್ದೆ ಎಂದರೆ ನಿಜವಾಗಿ ಮಲಗಿಯೇ ಇದ್ದೆ. ಕೈಗೆಟುಕುವ ಜಾಗದಲ್ಲಿ ನೀರಿನ ಚೊಂಬು, ಬಾಯಿ ಒಣಗಿದೆ, ಆದರೂ ಎತ್ತಿ ಕುಡಿಯುವ ಮನಸ್ಸಿಲ್ಲ. ಹಲ್ಲುಜ್ಜುವುದು ಮಧ್ಯಾಹ್ನ, ಕೆಲವೊಮ್ಮೆ ಅದೂ ಇಲ್ಲ. ದಿನಕ್ಕೆ ಹನ್ನೆರಡು ತಾಸು ನಿಂತು ದುಡಿದಾಗ ಆಗದ ಸುಸ್ತು, ಏನೂ ಮಾಡದೆ ಬಿದ್ದುಕೊಂಡಾಗ ಆಗುತ್ತಿತ್ತು. ಮೊದಮೊದಲು ಹೋಟೆಲಿನವರು ಬಂದರು. ನಾನು ಮಾತಾಡದೆ ಗೋಡೆಗೆ ಮುಖ ಮಾಡಿದೆ. ಎಷ್ಟು ಸಲ ಬಂದಾರು? ಸರ್ಕಾರದ ಅಂಗವಿಕಲರ ಕಾರ್ಡು, ಕೃತಕ ಕಾಲು ಎಲ್ಲವನ್ನೂ ಹೆಂಡತಿಯೇ ಓಡಾಡಿ ಮಾಡಿಸಿದಳು. ಅವಳು ಹತ್ತಿರದ ಕಾಲೊನಿಯ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಅಳತೆಗೆ, ಅಭ್ಯಾಸಕ್ಕೆ ಎಂದು ನನ್ನನ್ನು ಎಳೆದುಕೊಂಡು ಹೋದಷ್ಟು ದಿನ ನಡೆದೆ. ಅದು ಮುಗಿದ ಮೇಲೆ ಕಾಲು ಬೀರುವಿನ ಮೇಲೆ, ನಾನು ಹಾಸಿಗೆಯ ಮೇಲೆ.

ಒಮ್ಮೆ ಅವಳು ದೋಸೆ ಮಾಡಿದಳು. ನಾನು ತಟ್ಟೆಯನ್ನು ದೂಡಿಬಿಟ್ಟೆ. ಮತ್ತೆಂದೂ ಮಾಡಲಿಲ್ಲ. ದಿನಾ ಹೊರಡುವಾಗ ಒಂದು ಮಾತು ಮಾತ್ರ ಕೇಳುತ್ತಿದ್ದಳು. “ಎಂತ, ಇವತ್ತೂ ಗೋಡೆ ನೋಡುದಾ?” ಅವಳ ಸಿಟ್ಟಿನ ಅಡಿಯಲ್ಲಿ ಹೆದರಿಕೆಯಿತ್ತು. ಗೊತ್ತಿದ್ದೂ ನಾನು ಗೋಡೆಯ ಕಡೆಗೇ ಹೊರಳುತ್ತಿದ್ದೆ.

ಹಾಗಿರುವಾಗ ಧನಿಯ ಫೋನ್ ಬಂತು. ನನ್ನ ಜಾಗದಲ್ಲಿ ನಿಂತಿದ್ದವನು ಊರಿನಲ್ಲಿ ಸ್ವಂತ ಹೋಟೆಲ್ ಇಡುತ್ತಾನಂತೆ, ಬಿಟ್ಟು ಹೋಗುತ್ತಿದ್ದಾನೆ. “ಸೋಮವಾರದವರೆಗೆ ಕಾಯ್ತೇನೆ ಭಟ್ರೇ. ನೀವು ಬರ್ತೀರಾ, ಅಲ್ಲ ಬೇರೆ ಜನ ನೋಡುದಾ?” ಬೇರೆಯವರನ್ನು ಒಮ್ಮೆ ಕಾಯಂ ಇಟ್ಟುಕೊಂಡರೆ ಆ ಕಾವಲಿ ಮತ್ತೆ ನನ್ನದಾಗುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ನನ್ನಿಂದ ಆಗುವುದಿಲ್ಲ ಎಂದು ತಿಳಿಸಿಬಿಡು ಎಂದು ಹೆಂಡತಿಗೆ ಹೇಳಿದೆ.

“ನಾನು ಯಾಕೆ ಹೇಳುದು? ಅವರ ಉಪ್ಪು ತಿಂದದ್ದು ನೀವು. ಹೋಗಿ ಮುಖ ನೋಡಿ ಹೇಳಿ ಬನ್ನಿ,” ಎಂದಳು. ಸೋಮವಾರ ಬೆಳಿಗ್ಗೆ ಬೀರುವಿನ ಮೇಲಿನಿಂದ ಕಾಲನ್ನು ಇಳಿಸಿ, ಧೂಳು ಒರೆಸಿ ನನ್ನ ಪಕ್ಕ ಇಟ್ಟು ಕೆಲಸಕ್ಕೆ ಹೋದಳು. ಹಾಗೆ, ಬೇಡ ಎಂದು ಹೇಳುವುದಕ್ಕಾಗಿ ನಾನು ವರ್ಷದ ಮೇಲೆ ಒಬ್ಬನೇ ಹೊರಗೆ ಬಂದೆ.

ಸ್ಟೇಷನ್ನಿನಲ್ಲಿ ಲೋಕಲ್ ಗಾಡಿಯ ಅಂಗವಿಕಲರ ಡಬ್ಬಿ ನಿಲ್ಲುವ ಕಡೆ ಬೀಪ್ ಬೀಪ್ ಎಂದು ಸದ್ದು ಬರುತ್ತಿರುತ್ತದೆ, ಕುರುಡರಿಗೆ ಜಾಗ ಗೊತ್ತಾಗಲೆಂದು. ಇಪ್ಪತ್ತೆರಡು ವರ್ಷ ಅದೇ ಪ್ಲಾಟ್‌ಫಾರ್ಮಿನಿಂದ ಲೋಕಲ್ ಹಿಡಿದವನು ನಾನು. ಆ ಸದ್ದು ಯಾತಕ್ಕೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಗಾಡಿ ಬಂತು. ಕಂಬಿ ಹಿಡಿದು ಹೇಗೋ ಹತ್ತಿದೆ. ಇಸ್ತ್ರಿ ಮಾಡಿದ ಪ್ಯಾಂಟು, ಎರಡೂ ಕಾಲಿಗೆ ಬೂಟು. ಯಾರಿಗೂ ಗೊತ್ತಾಗಬಾರದು ಎಂದು ಅಷ್ಟು ಜತನದಿಂದ ಹಾಕಿಕೊಂಡಿದ್ದೆ.

“ಏ ಭಾಯಿ, ಹ್ಯಾಂಡಿಕ್ಯಾಪ್ ಡಬ್ಬಾ ಹೈ. ಉತರೋ,” ಇಳಿ ಎಂದು ಗದರಿದರು ಒಬ್ಬರು. ಅವರ ಹಿಂದೆ ಇನ್ನೂ ನಾಲ್ಕು ದನಿ. ಪುಕ್ಕಟೆ ಜಾಗಕ್ಕಾಗಿ ನುಗ್ಗುವವರು ದಿನಾ ಇರುತ್ತಾರೆ, ಅವರ ಸಿಟ್ಟು ತಪ್ಪಲ್ಲ. ಕಾರ್ಡು ತೆಗೆಯಲು ಜೇಬಿಗೆ ಕೈ ಹಾಕಬೇಕೆಂದರೆ ಕಂಬಿ ಬಿಡಬೇಕು, ಬಿಟ್ಟರೆ ಬೀಳುತ್ತೇನೆ. ನನಗೆ ತಲೆ ಕೆಟ್ಟುಹೋಯಿತು. “ಇವರ ತಲೆ. ಈಗ ಕಾಲು ಬಿಚ್ಚಿ ಕೈಯಲ್ಲಿ ಕೊಡ್ಬೇಕಾ ಇವರಿಗೆ,” ಎಂದು ಗೊಣಗಿದೆ.

ಬಾಗಿಲ ಪಕ್ಕದ ಸೀಟಿನಲ್ಲಿ ಬಿಳಿ ಕೋಲು ಹಿಡಿದ ಮುದುಕರೊಬ್ಬರು ಕೂತಿದ್ದರು. ಎರಡೂ ಕಣ್ಣಿಲ್ಲ. ಅವರು ನನ್ನ ಕಡೆ ಮುಖ ತಿರುಗಿಸಿದರು. “ಕನ್ನಡದಾಗ ಬೈಯಾಕತ್ತೀಯಲ್ಲೋ ತಮ್ಮಾ. ಇಲ್ಲಿ ಬಾ.” ಉತ್ತರ ಕರ್ನಾಟಕದ ಕಡೆಯ ಮಾತು. ಬಳಿಗೆ ಹೋದೆ. ಕೋಲಿನಿಂದ ನನ್ನ ಕಾಲಿಗೆ ಫಟ್ಟನೆ ಒಂದು ಬಿಟ್ಟರು. ಅದು ಬಲಗಾಲು. ಪ್ರಾಣ ಹೋದ ಹಾಗಾಯಿತು.

“ಅದಲ್ಲ ಮಾರಾಯ್ರೆ, ಆಚೆದು,” ಎಂದೆ.

ಆಚೆಯದಕ್ಕೆ ಬಡಿದರು. ಟೊಳ್ಳು ಸದ್ದು ಬಂತು. ಇನ್ನೊಮ್ಮೆ ಬಡಿದು ಖಾತ್ರಿ ಮಾಡಿಕೊಂಡು, ಇಡೀ ಡಬ್ಬಿಗೆ ಕೇಳುವ ಹಾಗೆ ತೀರ್ಪು ಕೊಟ್ಟರು. “ಅಸಲೀ ಹೈ. ಪಾಂವ್ ನಕಲೀ ಹೈ.” ಆಸಾಮಿ ಅಸಲಿ, ಕಾಲು ಮಾತ್ರ ನಕಲಿ. ಬೈಯುತ್ತಿದ್ದವರೇ ನಕ್ಕು ಸರಿದು ಜಾಗ ಮಾಡಿದರು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಒಂದು ವರ್ಷದಲ್ಲಿ ನನ್ನನ್ನು ನೋಡಿ ಅಯ್ಯೋ ಪಾಪ ಅನ್ನದ ಜನ ಸಿಕ್ಕಿದ್ದು ಅದೇ ಮೊದಲು.

ಕೂತು ಸುತ್ತ ನೋಡಿದೆ. ಎದುರಿಗೆ ಒಂದೇ ಕೈಯ ಒಬ್ಬಾತ ಮೂಸಂಬಿಯನ್ನು ಮೊಣಕಾಲುಗಳ ನಡುವೆ ಹಿಡಿದು ಸುಲಿಯುತ್ತಿದ್ದ. ಸಿಪ್ಪೆ ಎಲ್ಲಿಯೂ ತುಂಡಾಗದೆ ಉದ್ದಕ್ಕೆ ಬರುತ್ತಿತ್ತು. ಕಿವಿ ಕೇಳದ ಇಬ್ಬರು ಹುಡುಗಿಯರು, ಒಬ್ಬಳು ಈ ಬಾಗಿಲಲ್ಲಿ, ಇನ್ನೊಬ್ಬಳು ಆ ತುದಿಯಲ್ಲಿ. ನಡುವೆ ಅಷ್ಟು ಜನ, ಅಷ್ಟು ಗಾಡಿಯ ಗದ್ದಲ. ನಾವೆಲ್ಲ ಪಕ್ಕದವರ ಕಿವಿಗೆ ಬಾಯಿ ಇಟ್ಟು ಕಿರುಚಬೇಕು, ಅವರಿಬ್ಬರು ಎಲ್ಲರ ತಲೆಯ ಮೇಲಿಂದ ಬೆರಳಲ್ಲೇ ಹರಟೆ ಹೊಡೆದು ನಗುತ್ತಿದ್ದರು. ನಾನು ಬಾಯಿ ಬಿಟ್ಟು ನೋಡುತ್ತಲೇ ಕೂತೆ. ನಾನು ಗೋಡೆ ನೋಡುತ್ತಿದ್ದ ಅಷ್ಟೂ ದಿನ ಈ ಡಬ್ಬಿ ಹೀಗೇ ಓಡುತ್ತಿತ್ತಲ್ಲ ಎಂದುಕೊಂಡೆ.

ಮುದುಕರು ಬೈಕುಲ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾರಂತೆ. ಮಾತಿನ ನಡುವೆ, “ಈಗ ಕುರ್ಲಾ ಬರ್ತೈತಿ ನೋಡು,” ಎಂದರು. ಗಾಡಿ ಇನ್ನೂ ನಿಧಾನವಾಗಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಅಲ್ಲಿ ಹಳಿ ಭಾಳ ಅದಾವ. ಸಪ್ಪಳ ಅಗಲ ಆಕೈತಿ. ನಿನಗ ಕಣ್ಣು ಅದಾವಲ್ಲ, ನೀ ಕೇಳಂಗಿಲ್ಲ.”

ಕಣ್ಣು ಮುಚ್ಚಿದೆ. ನಿಜ. ಅದುವರೆಗೆ ಒತ್ತೊತ್ತಾಗಿದ್ದ ಸದ್ದು ಒಮ್ಮೆಲೇ ಬಿಚ್ಚಿಕೊಂಡು ದೂರಕ್ಕೆ ಹೋಯಿತು. ಎಷ್ಟು ಸಾವಿರ ಸಲ ಕುರ್ಲಾ ದಾಟಿದ್ದೆನೋ, ಅದರ ಸದ್ದು ಕೇಳಿದ್ದು ಅವತ್ತೇ.

“ನೀ ಎಲ್ಲಿಗೆ ಹೊಂಟಿ?” ಎಂದು ಕೇಳಿದರು.

“ಮಾಟುಂಗಕ್ಕೆ. ಕೆಲಸಕ್ಕೆ ಬರುದಿಲ್ಲ ಅಂತ ಹೇಳ್ಲಿಕ್ಕೆ.”

“ಬರಂಗಿಲ್ಲ ಅನ್ನಾಕ ಇಷ್ಟು ದೂರ? ಫೋನ್ ಇಲ್ಲೇನು?”

“ಉಂಟು.”

“ಮತ್ತ?”

ನಾನು ಬಗ್ಗಿ ಬೂಟಿನ ದಾರ ಬಿಗಿದೆ. ಮಾಟುಂಗ ಬಂದಾಗ ಊರುಗೋಲಿನ ಹೆಂಗಸೊಬ್ಬಳು, ಇಳಿಯುವಾಗ ನಕಲಿ ಕಾಲು ಮೊದಲು ಇಡು, ಹತ್ತುವಾಗ ಅಸಲಿಯದು ಎಂದು ಹಿಂದಿಯಲ್ಲಿ ಗದರಿದಳು. ಆಸ್ಪತ್ರೆಯಲ್ಲೂ ಇದನ್ನೇ ಹೇಳಿಕೊಟ್ಟಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಗೇ ಇಳಿದೆ, ಬೀಳಲಿಲ್ಲ.

ಧನಿ ಗಲ್ಲಾದಿಂದ ಎದ್ದು ಬಂದರು. “ಬಂದ್ರಾ ಭಟ್ರೇ,” ಎಂದರು, ಕಣ್ಣು ಮಾತ್ರ ಕಾಲಿನ ಮೇಲೆ.

“ಒಂದು ಮಾತು ಹೇಳ್ಲಿಕ್ಕುಂಟು ಧನಿ.”

“ಹೇಳುವಿರಂತೆ. ಮೊದಲು ಒಳಗೆ ಹೋಗಿ ಒಂದು ಕಾಫಿ ಕುಡೀರಿ.”

ಒಳಗೆ ಹೋದೆ. ಹೋಗಬಾರದಿತ್ತು. ಕಾವಲಿ ವಿಪರೀತ ಕಾದಿತ್ತು, ಅಂಚಿನಲ್ಲಿ ಹೊಗೆ ಏಳುತ್ತಿತ್ತು. ಕಾವಲಿಯ ಮುಂದಿದ್ದವನು, ಆ ಬಿಟ್ಟುಹೋಗುವವನು, ಅದನ್ನು ನೋಡದೆ ಪಲ್ಯದ ಪಾತ್ರೆ ಕೆರೆಯುತ್ತಿದ್ದ. “ಕಾವಲಿ ಸುಟ್ಟು ಹೋಗ್ತದೆ ಮಾರಾಯ, ನೀರು ಹೊಡಿ,” ಎಂದೆ. ಅವನು ನಗುತ್ತ ಹಿಡಿಸೂಡಿಯನ್ನು ನನ್ನ ಕೈಗೇ ಕೊಟ್ಟ. ತೆಂಗಿನ ಕಡ್ಡಿಯ ಆ ಗಿಡ್ಡ ಪೊರಕೆಯನ್ನು ನೀರಿಗೆ ಅದ್ದಿ ಕಾವಲಿಯ ಮೇಲೆ ಬೀಸಿದೆ. ಚೊರ್ ಎಂದು ಹಬೆ ಎದ್ದಿತು. ಆ ಸದ್ದು ತಗ್ಗುವುದನ್ನು ಕೇಳಿಯೇ ಕಾವು ಹದಕ್ಕೆ ಬಂತೆಂದು ಗೊತ್ತಾಯಿತು. ನೋಡುವ ಅಗತ್ಯವೇ ಬೀಳಲಿಲ್ಲ. ಆಗ ಆ ಮುದುಕರು ನೆನಪಾದರು. ನನಗೂ ಒಂದು ಕುರ್ಲಾ ಇತ್ತು.

ಹಿಟ್ಟಿಗೆ ಸೌಟು ಹಾಕಿದೆ. ನಮ್ಮ ಅಡುಗೆಮನೆಯಲ್ಲಿ ಒಂದು ಕ್ರಮವಿದೆ. ಯಾರೇ ಕಾವಲಿಗೆ ಹೊಸದಾಗಿ ಕೈ ಹಾಕಲಿ, ಅವರ ಮೊದಲ ದೋಸೆ ಗಿರಾಕಿಗಲ್ಲ, ಹಿಂದಿನ ಕಿಟಕಿಯಲ್ಲಿ ಕಾಗೆಗೆ. ಮೊದಲನೆಯದನ್ನು ಅಲ್ಲಿಟ್ಟೆ. ಎರಡನೆಯದು ತಟ್ಟೆಗೆ ಹೋಯಿತು. ಬಲಗಾಲಿಗೆ ಕಾವು ಬಡಿಯುತ್ತಿತ್ತು, ಅದು ಮದ್ದಿನ ಗುಣ ಅಂದುಕೊಂಡೆ. ಮೂರನೆಯದಕ್ಕೆ ಎಣ್ಣೆ ಬಿಡುತ್ತಿದ್ದಾಗ ಎಡಗಾಲಿಗೆ ಬಿಸಿ ತಾಗಿತು.

ಕೈ ನಿಂತಿತು. ಕೆಳಗೆ ನೋಡಿದೆ. ಬೂಟು, ಅದರೊಳಗೆ ಪ್ಲಾಸ್ಟಿಕ್ಕು. ಆದರೆ ಪಾದದ ಮೇಲೆ, ಹೆಬ್ಬೆರಳಿನ ಅಂಚಿನಲ್ಲಿ, ಒಲೆಯ ಬಾಯಿ ಇರುವ ಕಡೆಯೇ ಸರಿಯಾಗಿ ಚುರುಚುರು ಉರಿ. ಒಂದು ಹೆಜ್ಜೆ ಹಿಂದೆ ಸರಿದೆ, ತಗ್ಗಿತು. ಮುಂದೆ ಬಂದೆ, ಮತ್ತೆ ಉರಿಯಿತು. ಇದ್ದಾಗ ಎರಡು ವರ್ಷ ಸತ್ತಂತಿದ್ದ ಕಾಲು. ಕುದಿಯುವ ಸಾಂಬಾರು ಬಿದ್ದರೂ ಹೇಳದ ಕಾಲು. ಇಲ್ಲದ ಮೇಲೆ, ಇಷ್ಟು ದಿನಗಳ ನಂತರ, ಒಲೆಯ ಮುಂದೆ ಬಂದು ಹೇಳುತ್ತಿದೆ. ನನ್ನ ಕಣ್ಣಲ್ಲಿ ಧಾರೆಯಾಗಿ ನೀರು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ದೋಸೆ ಕೆಂಪಾಗುತ್ತಿತ್ತು. ಅದನ್ನು ಮಡಚಿ ಎತ್ತಿದೆ.

ಧನಿ ಬಾಗಿಲಲ್ಲಿ ನಿಂತಿದ್ದರು. ಯಾವಾಗಿನಿಂದಲೋ ಗೊತ್ತಿಲ್ಲ. “ಎಂತದೋ ಹೇಳ್ಲಿಕ್ಕುಂಟು ಅಂದ್ರಲ್ಲ ಭಟ್ರೇ?” ಎಂದು ಮೆಲ್ಲನೆ ಕೇಳಿದರು.

“ಹೌದು ಧನಿ,” ಎಂದೆ. “ಬಿಸಿ ತಾಗ್ತದೆ.”

ಅವರ ಕಣ್ಣು ಮತ್ತೆ ನನ್ನ ಕಾಲಿಗೆ ಹೋಯಿತು. ಹೊರಗಿನಿಂದ ಎರಡು ಮಸಾಲೆ, ಒಂದು ಸಾದಾ ಎಂದು ಸಪ್ಲಾಯರ್ ಕೂಗಿದ. ನಾನು ಹಿಡಿಸೂಡಿಯನ್ನು ನೀರಿಗೆ ಅದ್ದಿದೆ.

“ಎರಡೂ ಕಾಲಿಗೆ,” ಎಂದೆ.