ಲೆಕ್ಕಕ್ಕಿಲ್ಲದ ಪದ

ಬೆಳಿಗ್ಗೆ ಸೊಸೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಹುರಿದ ರವೆ... ಊರಿಗೆಲ್ಲ ಬಾಯಲ್ಲಿ ನೀರೂರಿಸುವ ವಾಸನೆ. ನಾನು ಮಾತ್ರ ಅದು ಮೂಗಿಗೆ ಬಡಿದರೆ ಸೆರಗು ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತೇನೆ. ಮನೆಯವರು ಇದಕ್ಕೆ ನನ್ನನ್ನು ಆಡಿಕೊಂಡು, ಆಡಿಕೊಂಡು, ಈಗ ಸಾಕಾಗಿ ಬಿಟ್ಟಿದ್ದಾರೆ.

ಇವತ್ತು ಮಾಡಿದ್ದು ನಮಗಲ್ಲ. ಕೊಣನೂರಿನಿಂದ ಯಾರೋ ವಯಸ್ಸಾದವರು ಕೋಲೂರಿಕೊಂಡು ಬಂದು, ಟೀಚರಮ್ಮನ್ನ ನೋಡಬೇಕು ಎಂದು ವರಾಂಡದಲ್ಲೇ ಕೂತಿದ್ದರು. ಕರೆದರೂ ಒಳಗೆ ಬರಲಿಲ್ಲವಂತೆ. ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಸೊಸೆ ತುಂಬಿದ ತಟ್ಟೆ ಹಿಡಿದು ವಾಪಸು ಬರುತ್ತಿದ್ದಳು.

“ಬೇಡ್ವಂತೆ ಅತ್ತೆ. ಎಲ್ಲೋ ತಿಂದ್ಕೊಂಡೇ ಬಂದಿರ್ಬೇಕು.”

ಅವಳದೇನೂ ತಪ್ಪಿಲ್ಲ, ಪಾಪ. ಆದರೆ ಆ ವಾಸನೆಯ ಜೊತೆಗೆ ಆ ಮಾತೂ ಸೇರಿ ನನ್ನ ಮೈಯೆಲ್ಲ ಉರಿದುಹೋಯಿತು. ಇದೇ ವಾಸನೆಯಲ್ಲಿ, ಇದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಅರವತ್ತರ ದಶಕದ ಶುರು. ಹೊಳೆನರಸೀಪುರದಿಂದ ಬಂದು ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ನಾವು ಹುಡುಗಿಯರೆಲ್ಲ ಒಂದು ವಠಾರದಲ್ಲಿದ್ದೆವು, ಇಬ್ಬಿಬ್ಬರಿಗೆ ಒಂದು ಕೋಣೆ. ಮನೆಯಿಂದ ತಂದ ಅಕ್ಕಿ, ರಾಗಿಹಿಟ್ಟು, ಹೊಗೆ ಕಾರುವ ಸೀಮೆಎಣ್ಣೆ ಸ್ಟವ್ವು. ನನ್ನ ಕೋಣೆಯಲ್ಲಿದ್ದವಳು ಕೊಣನೂರಿನ ಕಡೆಯ ಒಕ್ಕಲು ಮನೆಯವಳು. ನನಗಿಂತ ದೊಡ್ಡವಳಾದ್ದರಿಂದ ಅಕ್ಕಯ್ಯ ಎನ್ನುತ್ತಿದ್ದೆ. ಮಾತು ಕಮ್ಮಿ, ಕೆಲಸ ಜಾಸ್ತಿ. ನನ್ನ ಎಂಜಲು ತಟ್ಟೆಯನ್ನೂ ತೊಳೆದಿಡುತ್ತಿದ್ದಳು, ಬೈಯುತ್ತಲೇ.

ಊರಿನಲ್ಲಿ ಅವಳ ತಮ್ಮನಿಗೆ ಜ್ವರ ಬಂದು ಎರಡೂ ಕಾಲು ಸೋತಿದ್ದವು. ಅವನು ಎದ್ದು ನಡೆಯಲಿ ಎಂದು ಅಕ್ಕಯ್ಯ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದಳು. ಶ್ರಾವಣದ ಶನಿವಾರಗಳಲ್ಲಿ ಒಪ್ಪೊತ್ತು. ಹಗಲೆಲ್ಲ ಏನೂ ಮುಟ್ಟುವಂತಿಲ್ಲ. ಸಂಜೆ ಹಣೆಗೆ ನಾಮ ಇಟ್ಟು, ಚೊಂಬು ಹಿಡಿದು, ಐದು ಮನೆ ಬಾಗಿಲಲ್ಲಿ ಗೋವಿಂದ ಎಂದು ಕೂಗಿ ಪಡಿ ಬೇಡಬೇಕು. ಆ ಅಕ್ಕಿ ಬೇಯಿಸಿಕೊಂಡು ಉಂಡರೆ ಆ ವಾರದ್ದು ಸಂದಿತು. ನಡುವೆ ಒಂದು ಅಗುಳು ಬಾಯಿಗೆ ಬಿದ್ದರೂ ಹರಕೆ ಕೆಟ್ಟಿತು ಎಂದು ಅವಳು ನಂಬಿದ್ದಳು.

ಇನ್ನು ಆ ಮೇಷ್ಟ್ರು. ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ. ಬಹುವಚನ ಹಚ್ಚಲೂ ಮನಸ್ಸಿಲ್ಲ, ಮೇಷ್ಟ್ರು ಅಂದಮೇಲೆ ಈ ಹಾಳು ಬಾಯಿ ತಾನಾಗಿಯೇ ಹಚ್ಚುತ್ತದೆ. ನಮಗೆ ಮನಶ್ಶಾಸ್ತ್ರ ಹೇಳುತ್ತಿದ್ದರು, ದೊಡ್ಡ ಡಿಗ್ರಿಗೆಂದು ಏನೋ ಸಂಶೋಧನೆ ಮಾಡುತ್ತಿದ್ದರು. ಅದಕ್ಕೊಂದು ಮರದ ಪೆಟ್ಟಿಗೆ. ತೂತಿಗೆ ಕಣ್ಣಿಟ್ಟು ಕೂರಬೇಕು. ಟಕ್ ಎಂದು ಒಳಗೆ ದೀಪ ಹತ್ತಿ, ರೆಪ್ಪೆ ಬಡಿಯುವುದರೊಳಗೆ ಆರಿಹೋಗುತ್ತಿತ್ತು. ಅಷ್ಟರಲ್ಲಿ ಕಾರ್ಡಿನ ಮೇಲಿನ ಪದ ಓದಬೇಕು. ಕಾಣದಿದ್ದರೆ ಮತ್ತೆ ಟಕ್, ಈ ಸಲ ಒಂದು ಚೂರು ಹೆಚ್ಚು ಹೊತ್ತು. ಹಸಿದವರ ಕಣ್ಣಿಗೆ ತಿನ್ನುವ ಪದಗಳು ಬೇಗ ಬೀಳುತ್ತವೆ ಅನ್ನುವುದು ಅವರ ವಾದ. ಅನ್ನ, ಮುದ್ದೆ, ಹಾಲು, ಬೆಲ್ಲ, ಇವು ಲೆಕ್ಕದ ಪದಗಳು. ಗೋಡೆ, ಛತ್ರಿ, ತಮ್ಮ, ಇಂಥವು ಸುಮ್ಮನೆ ನಡುನಡುವೆ ಸೇರಿಸಿದವು.

ಹಸಿದವರನ್ನು ಎಲ್ಲಿಂದ ತರುವುದು? ಆ ಮನುಷ್ಯನ ಜಾಣತನ ನೋಡಿ, ಶ್ರಾವಣ ಶನಿವಾರವನ್ನೇ ಆರಿಸಿಕೊಂಡರು. ಅರ್ಧ ವಠಾರ ಒಪ್ಪೊತ್ತು, ಪುಕ್ಕಟೆ ಸಿಕ್ಕಿದ ಹಸಿವು. ಉಳಿದವರಿಗೆ ಹೊಟ್ಟೆ ತುಂಬ ಉಪ್ಪಿಟ್ಟು ಹಾಕಿಸಿ ‘ಉಂಡವರು’ ಅಂತ ಬೇರೆ ಮಾಡಿದರು. ಆ ಪಾತ್ರೆಯನ್ನು ಮುಚ್ಚಳ ತೆಗೆಸಿ, ಪೆಟ್ಟಿಗೆ ಇಟ್ಟಿದ್ದ ಕ್ಲಾಸಿನ ಬಾಗಿಲ ಹತ್ತಿರವೇ ಇಡಿಸಿದರು, ವಾಸನೆ ಒಳಗೆ ಹೋಗಲಿ ಅಂತ. ಹರಕೆ ಹೊತ್ತ ಹೆಣ್ಣುಮಕ್ಕಳು ಆ ವಾಸನೆ ಕುಡಿಯುತ್ತಾ ಸಾಲಾಗಿ ನಿಂತಿದ್ದರು. ಹೇಸಿಗೆ.

ನಾನು ಉಂಡವಳು. ಒಪ್ಪೊತ್ತು ಗಿಪ್ಪೊತ್ತು ನನ್ನ ಕೈಲಾಗದ ಮಾತು. ಅಷ್ಟು ತಿಂದಿದ್ದರೂ ನನಗೆ ಎಲ್ಲಕ್ಕಿಂತ ಬೇಗ ಕಂಡದ್ದು ಬೆಲ್ಲ. ಮೇಷ್ಟ್ರ ಮುಖ ಹುಳಿಹುಳಿಯಾಯಿತು. ಆಮೇಲೆ ನನ್ನನ್ನು ಕಾರ್ಡು ಜೋಡಿಸಿ ಕೊಡಲು ಅಲ್ಲೇ ನಿಲ್ಲಿಸಿಕೊಂಡರು.

ಅಕ್ಕಯ್ಯ ಬಂದು ತೂತಿಗೆ ಕಣ್ಣಿಟ್ಟಳು. ಮೊದಲನೇ ಟಕ್. ಅಷ್ಟು ಸಣ್ಣ ಬೆಳಕಿನಲ್ಲಿ ಆವರೆಗೆ ಒಬ್ಬರಿಗೂ ಒಂದಕ್ಷರವೂ ಕಂಡಿರಲಿಲ್ಲ.

“ತಮ್ಮ” ಅಂದಳು.

ನಾನು ಕಾರ್ಡು ತಿರುಗಿಸಿ ನೋಡಿ, ಸರಿಯಾಗಿದೆ ಸಾರ್, ಅಂದೆ. ಮೇಷ್ಟ್ರು ಸೀಸದ ಕಡ್ಡಿಯನ್ನೂ ಎತ್ತಲಿಲ್ಲ.

“ಅದು ಲೆಕ್ಕಕ್ಕಿಲ್ಲ. ಮುಂದಿನದು ಹಾಕು.”

ಮುಂದೆ ಅನ್ನ ಬಂತು, ಮುದ್ದೆ ಬಂತು, ಹಾಲು ಬಂತು. ಅಕ್ಕಯ್ಯ ತಡಕಾಡಿದಳು. ಗೋಡೆ ಕಂಡಷ್ಟು ಬೇಗ ಕೂಡ ಅವಳಿಗೆ ಮುದ್ದೆ ಕಾಣಲಿಲ್ಲ. ಮೇಷ್ಟ್ರು ಪೆಟ್ಟಿಗೆಯನ್ನು ಬಡಿದು ನೋಡಿದರು, ಮತ್ತೆ ಹಾಕಿಸಿದರು. ಅದೇ ಕತೆ. ವಾದವೇ ತಪ್ಪಿರಬಹುದೇನೋ ಅನ್ನುವ ಅನುಮಾನ ಆ ತಲೆಯೊಳಕ್ಕೆ ಸುಳಿಯಲೇ ಇಲ್ಲ.

“ನೀನು ತಿಂದ್ಕೊಂಡೇ ಬಂದಿದೀಯ.”

“ಇಲ್ಲ ಸಾ. ಬೆಳಗಿಂದ ಏನೂ ಬಾಯಿಗೆ ಆಕಿಲ್ಲ.”

“ಬಾಯಿ ತೆಗಿ.”

ಬಾಯಿ ತೆಗೆಸಿದರು. ನಾಲಿಗೆ ಹೊರಗೆ ಹಾಕಿಸಿ, ಬ್ಯಾಟರಿ ಬಿಟ್ಟು, ಹಲ್ಲಿನ ಸಂದಿಯಲ್ಲಿ ಏನಾದರೂ ಇದೆಯೇ ಅಂತ ಬಗ್ಗಿ ನೋಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನೂ ಅದರ ಬೆನ್ನು ಸವರಿ ನೋಡುತ್ತಾನೆ. ಅಷ್ಟಕ್ಕೂ ಬಿಡದೆ ಒಂದು ತಟ್ಟೆ ಉಪ್ಪಿಟ್ಟು ತರಿಸಿ ಅವಳ ಮುಂದಿಟ್ಟು, ಸಾಲಿನಲ್ಲಿದ್ದವರನ್ನೆಲ್ಲ ಬಾಗಿಲಿಗೆ ಕರೆದರು.

“ನಿಜವಾಗಿ ಹಸಿದಿದ್ರೆ ತಿಂತೀಯ. ತಿನ್ನಲಿಲ್ಲ ಅಂದ್ರೆ ಹೊಟ್ಟೆ ತುಂಬಿದೆ ಅಂತ್ಲೇ ಅರ್ಥ.”

ತಿಂದರೆ ಹರಕೆ ಕೆಟ್ಟು ತಮ್ಮನ ಕಾಲು ಹೋಯಿತು. ಬಿಟ್ಟರೆ ಹರಕೆ ದಿನ ಕದ್ದು ತಿಂದವಳು ಅಂತ ಹೆಸರು. ಅಕ್ಕಯ್ಯ ತಟ್ಟೆಯನ್ನು ಎರಡು ಕೈಯಲ್ಲೂ ಮೆಲ್ಲಗೆ ಆಚೆಗೆ ಸರಿಸಿದಳು. ಅನ್ನಕ್ಕೆ ಅಪಚಾರ ಆಗಬಾರದು ಅನ್ನುವ ಹಾಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಪ್ಪೊತ್ತು ಸಾರ್, ಹರಕೆ, ಎಂದು ನಾನು ಬಾಯಿಬಾಯಿ ಬಡಿದುಕೊಂಡೆ. ನೋಡಿದಿರಾ, ಎಂದು ಮೇಷ್ಟ್ರು ಎಲ್ಲರ ಕಡೆ ತಿರುಗಿ ನಕ್ಕು, ಆ ತಟ್ಟೆಯನ್ನು ತಾವೇ ಎಳೆದುಕೊಂಡು ತಿಂದರು. ಅವಳ ಎದುರಿಗೇ, ಬೆರಳು ಚೀಪುತ್ತಾ. ಮೀಸೆಗೆ ರವೆ ಅಂಟಿತ್ತು. ಆ ಮೀಸೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಥೂ.

ಸಂಜೆ ಅವಳು ನಾಮ ಇಟ್ಟುಕೊಂಡು ಚೊಂಬು ಹಿಡಿದು ಹೊರಟಳು. ಮೊದಲ ಪಡಿ ನಾನೇ ಹಾಕಿದೆ. ಪಕ್ಕದ ಕೋಣೆಯ ಬಾಗಿಲು ತೆಗೆಯಲಿಲ್ಲ, ಅದರಾಚೆಯದೂ ಇಲ್ಲ. ಕದ್ದು ತಿಂದವಳಿಗೆ ಪಡಿ ಹಾಕಿದರೆ ನಮಗೆ ಸುತ್ತಿಕೊಳ್ಳುತ್ತದೆ ಅಂತ ಒಳಗೆ ಪಿಸಪಿಸ. ಅವಳು ಬೀದಿಗಿಳಿದಳು, ನಾನು ಹಿಂದೆ. ಬೀದಿಯ ಮೂರು ಮನೆಗಳಲ್ಲಿ ಹಾಕಿದರು. ಇನ್ನೊಂದು ಬೇಕಿತ್ತು. ನೋಡಿದರೆ ಮುಂದಿನದು ಮೇಷ್ಟ್ರ ಮನೆ.

“ಅಲ್ಲಿಗೆ ಬೇಡ ಬಾರೇ ಅಕ್ಕಯ್ಯ.”

“ಪಡಿ ಬೇಡೋವಾಗ ಯಾರ ಮನೆ ಅಂತ ದಾಟ್ಕಂಡು ಓಗಬಾರ್ದು ಕಣೆ,” ಎಂದು ಮೆಟ್ಟಿಲು ಹತ್ತಿ ಗೋವಿಂದ ಎಂದು ಕೂಗಿದಳು.

ಮೇಷ್ಟ್ರೇ ಬಂದರು. “ಓಹೋ, ಈಗ ಹಸಿವಾಯ್ತೋ?” ಅಂದರು. ಅವರ ಹೆಂಡತಿ ಒಳಗಿನಿಂದ ಸೇರು ತುಂಬ ಅಕ್ಕಿ ತಂದು, ಗಂಡನ ಮುಖ ನೋಡದೆ, ಚೊಂಬು ತುಂಬುವ ತನಕ ಸುರಿದು ಒಳಗೆ ಹೋದರು. ಆ ರಾತ್ರಿ ಅಕ್ಕಯ್ಯ ಉಂಡಳು. ಉಣ್ಣುವಾಗ ಅತ್ತಳೋ ಇಲ್ಲವೋ... ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ.

ಮೇಷ್ಟ್ರಿಗೆ ಡಿಗ್ರಿ ಬಂತು, ಹಾರ ಹಾಕಿದರು. ಸಭೆಯಲ್ಲಿ ಎದ್ದು ನಿಂತು, ಸುಳ್ಳು ಹೇಳಿದ ಒಬ್ಬಳನ್ನು ಲೆಕ್ಕದಿಂದ ತೆಗೆದುಹಾಕಬೇಕಾಯಿತು ಅಂದರು. ಜನ ನಕ್ಕರು. ಅಕ್ಕಯ್ಯ ನನ್ನ ಪಕ್ಕದಲ್ಲೇ ಕೂತಿದ್ದಳು. ಟ್ರೈನಿಂಗ್ ಮುಗಿಯುವ ತನಕ ಕದ್ದು ತಿಂದವಳು ಅನ್ನುವ ಹೆಸರು ಅವಳನ್ನು ಬಿಡಲಿಲ್ಲ. ಆಮೇಲೆ ಅರಕಲಗೂಡು ಕಡೆ ಸ್ಕೂಲು ಸಿಕ್ಕಿ ಹೋದಳು. ಸ್ವಲ್ಪ ಕಾಲ ಕಾಗದ ಬರೆದಳು, ನಾನೂ ಬರೆದೆ... ನನ್ನ ಮದುವೆ, ಚನ್ನರಾಯಪಟ್ಟಣಕ್ಕೆ ವರ್ಗ, ಮಕ್ಕಳು. ನಿಂತುಹೋಯಿತು.

ವರಾಂಡಕ್ಕೆ ಬಂದೆ. ಕೂತಿದ್ದವರು ಕೋಲು ಹಿಡಿದು ಎದ್ದರು. ಒಳಗೆ ಬನ್ನಿ, ಅಂದೆ.

“ಬ್ಯಾಡಿ ಅಮ್ಮ, ಸೂತಕ. ತಿಥಿ ಕಾರ್ಡು ಕೊಟ್ಟೋಗಾನ ಅಂತ ಬಂದೆ. ನಿಮ್ಗೆ ಮರೀದೆ ಏಳ್ಬೇಕು ಅಂತ ಅಕ್ಕ ಏಳಿದ್ಲು.”

ಕಾರ್ಡಿನಲ್ಲಿ ಅವಳ ಫೋಟೋ ಇತ್ತು. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಅದೇ. ತಿಂಡಿ ಯಾಕೆ ಬೇಡ ಅಂದದ್ದು ಅನ್ನುವುದನ್ನು ಅವರೇ ಹೇಳಿದರು.

“ಸ್ರಾವಣ ಸನಿವಾರ ಅಲ್ವರಾ. ಇರೋಗಂಟ ನಮ್ಮಕ್ಕ ಒಪ್ಪೊತ್ತು ಬಿಡನಿಲ್ಲ. ಇನ್ಮೇಕೆ ನಾನೇ ಇರ್ಬೇಕು.”

ಮೆಟ್ಟಿಲಿಳಿದು, ಕೋಲೂರಿಕೊಂಡು, ಒಂದು ಕಾಲನ್ನು ತುಸು ಎಳೆಯುತ್ತಾ ಗೇಟು ದಾಟಿ ಬಸ್ ಸ್ಟಾಂಡಿನ ಕಡೆ ನಡೆದರು. ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಿದ್ದೆ.

“ಯಾರತ್ತೆ ಅವರು?” ಎಂದು ಸೊಸೆ ಒಳಗಿನಿಂದ ಕೇಳಿದಳು.

“ತಮ್ಮ” ಅಂದೆ.