ಅಂಟು ಹತ್ತಿದ ಕೈ

ನಮ್ಮ ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ನಲವತ್ತು ವರ್ಷ ತುಂಡು ಹೊಲದಲ್ಲಿ ಅಫೀಮಿನ ಗಿಡ ಬೆಳೆದವಳು. ಅವಳ ಸೊಸೆ ಜೈಲು ಸೇರಿ ಹದಿನಾಲ್ಕು ತಿಂಗಳಾಗಿತ್ತು. ಬೆರಳಿಗೆ ಅಫೀಮಿನ ಅಂಟು ಹತ್ತಿತ್ತು ಎಂಬುದೊಂದೇ ಸಾಕ್ಷಿ.

ಹೊಸ ಮಾದಕವಸ್ತು ಕಾನೂನು ಬರೆಯುವ ಸಮಿತಿಯಲ್ಲಿ ನಾನು ಟೈಪಿಸ್ಟ್, ಕರಡು ಟೈಪ್ ಮಾಡಿದವನು ನಾನೇ. ‘ಕೈಯಲ್ಲಿ ಅಂಟು ಕಂಡವರಿಗೆ ವ್ಯಾಪಾರಿಯಷ್ಟೇ ಶಿಕ್ಷೆ’ ಎಂಬ, ಹಳೇ ಕಾನೂನಿನಿಂದಲೇ ಎತ್ತಿದ ಒಂಬತ್ತನೇ ಕಲಮನ್ನೂ ಒಂದು ಕಾಗುಣಿತವೂ ತಪ್ಪದೆ ಹೊಡೆದಿದ್ದೆ. ಕಾಗುಣಿತ ಸರಿಯಿದ್ದರೆ ಎಲ್ಲ ಸರಿ ಎಂದುಕೊಂಡ ಜಾಣ!

ಈ ಸಲ ಬೆಳೆಗಾರರನ್ನೂ ಸಮಿತಿಗೆ ಕರೆದಿದ್ದರು. ದೊಡ್ಡಮ್ಮ ಬಂದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ. ನನ್ನ ಕೈಯ ಪೆನ್ನು ಕಸಿದುಕೊಂಡು, ಕುರ್ಚಿಗಳ ಸಾಲಿನ ಪಕ್ಕ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ, ಗಾಳಿಯಲ್ಲೇ ಅಫೀಮಿನ ಕಾಯಿ ಗೀರುವಂತೆ ಗೀರತೊಡಗಿದಳು. ಯಾರೋ ಕಿಸಕ್ಕೆಂದರು.

“ಹಿಂದಕ್ಕೆ ಯಾಕಮ್ಮ ನಡೀತೀರಿ?” ಅಧ್ಯಕ್ಷರು ಕೇಳಿದರು.

“ಗೀರಿದ ಕಾಯಿಂದ ಹಾಲು ಸೋರುತ್ತೆ ಸಾರ್. ಮುಂದಕ್ಕೆ ನಡೆದ್ರೆ ಎಲ್ಲಾ ಬಟ್ಟೆಗೇ ಹತ್ತುತ್ತೆ. ಬೆಳಿಗ್ಗೆ ಹೊತ್ತಿಗೆ ಅದು ಅಂಟಾಗುತ್ತೆ, ಕೆರೆದು ತೆಗೀತೀವಿ. ಕೈಗೆ ಹತ್ತದೆ ಇರುತ್ತಾ? ವ್ಯಾಪಾರಿ ಬರೋದು ಡಬ್ಬಿ ಮುಚ್ಚಿದ ಮೇಲೆ. ಅವನ ಕೈ ಯಾವತ್ತೂ ಕ್ಲೀನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ!”

ಮೂರು ವರ್ಷ ಈ ಮೇಜಿನ ಸುತ್ತ ಆಡಿದ ಮಾತನ್ನೆಲ್ಲ ಟೈಪ್ ಮಾಡಿದ್ದೇನೆ. ಇಷ್ಟು ಸರಳ ಸತ್ಯ ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡುತ್ತಿದ್ದ ಹೆಂಗಸು ಇವಳೇನಾ ಎಂದು ಬೆರಗಾಗಿ ನೋಡಿದೆ.

ಅಧ್ಯಕ್ಷರು ಒಂಬತ್ತನೇ ಕಲಮಿನ ಮೇಲೆ ಗೆರೆ ಎಳೆದರು. ಅವಳು ಜಗ್ಗಲಿಲ್ಲ.

“ಈಗ ಒಳಗಿರೋರ ಕಥೆ?”

“ಹಳೇ ಕೇಸಿಗೆ ಹೊಸ ಕಾನೂನು ಹಾಕೋ ವಾಡಿಕೆ ಇಲ್ಲಮ್ಮ.”

“ನಮ್ಮಂಥೋರನ್ನ ಇಲ್ಲಿಗೆ ಕರೆಯೋ ವಾಡಿಕೆನೂ ಇರ್ಲಿಲ್ಲ. ಕರೆದ್ರಲ್ಲ?”

ಅಧ್ಯಕ್ಷರು ಸದಸ್ಯರ ಮುಖ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. “ಬರ್ಕೊಳ್ಳಿ” ಎಂದು ಅಧ್ಯಕ್ಷರು ನನಗೆ ಹೇಳಿದರು. ‘ಈ ಕಾರಣಕ್ಕೆ ಈಗಾಗಲೇ ಜೈಲಿನಲ್ಲಿರುವವರನ್ನೂ ಬಿಡತಕ್ಕದ್ದು.’

ಹೊರಗೆ ವರಾಂಡದಲ್ಲಿ ಆ ಸಾಲನ್ನು ಅವಳಿಗೆ ಮೂರು ಸಲ ಓದಿ ಹೇಳಿದೆ. ಮೂರನೇ ಸಲ ಅಕ್ಷರ ಮಸುಕಾಗಿ, ತೋಳಿನಿಂದ ಕಣ್ಣೊರೆಸಿಕೊಂಡೆ.

“ಅಳ್ಬೇಡ್ವೋ, ನಿಧಾನಕ್ಕೆ ಓದು,” ಎಂದಳು ದೊಡ್ಡಮ್ಮ. “ನಾಳೆ ಜೈಲಿಗೆ ಹೋಗಿ ಸೊಸೆಗೆ ಬಾಯಿಪಾಠ ಒಪ್ಪಿಸ್ಬೇಕು.”