ಗಾಂಧಿ ಕ್ಲಾಸಿನ ಗವಾಕ್ಷಿ

ಯಶವಂತಪುರದ ಹಳೆಯ ಟಾಕೀಸು ಮುಚ್ಚಿದ ಮೇಲೆ ಮಾಲೀಕ ಮಹೇಂದ್ರ ಅದರೊಳಗೆ ಪ್ಲೈವುಡ್ ಅಡ್ಡಗೋಡೆ ಹೊಡೆಸಿ ಬಾಡಿಗೆ ಮನೆ ಮಾಡಿದ. ಮನೆಯಂತೆ ಮನೆ! ನೆಲದ ಇಳಿಜಾರು ಹಾಗೇ ಇದೆ, ತಟ್ಟೆ ಇಟ್ಟರೆ ಸಾರೆಲ್ಲ ಒಂದೇ ಕಡೆಗೆ ಹರಿಯುತ್ತದೆ. ಆಗಿನಂತೆ ಈಗಲೂ ಬಾಲ್ಕನಿ ದುಬಾರಿ, ಪರದೆಯ ಮುಂದಿನ ಗಾಂಧಿ ಕ್ಲಾಸು ಅಗ್ಗ.

ಆ ಗಾಂಧಿ ಕ್ಲಾಸಿನ ಮೂಲೆ ಕೋಣೆಯಲ್ಲಿ ವೀರಬಸಪ್ಪ, ಅವನ ಹೆಂಡತಿ ನಿಂಗವ್ವ. ಗದಗಿನ ಕಡೆಯಿಂದ ಬಂದು, ಇದೇ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿ ಕೂದಲು ನರೆಸಿಕೊಂಡವನು. ಒಳಗೆ ಒಂದೆಳೆ ಬಿಸಿಲು ಬಂದರೂ ಅವನಿಗೆ ಮೈ ಉರಿಯುತ್ತಿತ್ತು. ಮ್ಯಾಟಿನಿಗೆ ಕತ್ತಲೆ ಬೇಕಲ್ಲ! ಇದ್ದಬದ್ದ ಗವಾಕ್ಷಿಗಳಿಗೆಲ್ಲ ತಾನೇ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿದ್ದ. ಆಗಿನ ಯಜಮಾನರು ಬೆನ್ನು ತಟ್ಟಿದ್ದನ್ನು ಇಂದಿಗೂ ಹೇಳಿಕೊಳ್ಳುತ್ತಾನೆ.

ಈಗ ಅದೇ ಕತ್ತಲೆಯಲ್ಲಿ ನಿಂಗವ್ವನಿಗೆ ದಮ್ಮು. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ಮಾತ್ರೆ ಇರಲಿ, ಮೊದಲು ಗಾಳಿಯಾಡುವ ಜಾಗಕ್ಕೆ ಹೋಗಿ ಅಂದರು ಡಾಕ್ಟರು. ಎಲ್ಲಿಗೆ ಹೋಗುವುದು, ಪಾಪ? ವೀರಬಸಪ್ಪ ಒಂದು ಕಿಟಕಿ ಇಡಿಸಿಕೊಡಿ ಎಂದು ಮಹೇಂದ್ರನಿಗೆ ಕೈಮುಗಿದ.

“ಇನ್ನೇನ್ ಬಿಲ್ಡಿಂಗ್ ಕೆಡವ್ತೀವಿ ಬಸಪ್ಪನೋರೇ, ಈಗ ಯಾರ್ ಕಿಟ್ಕಿ ಇಡಿಸ್ತಾರೆ? ಬೇಕಾದ್ರೆ ನೀವೇ ಏನಾದ್ರೂ ಮಾಡ್ಕೊಳ್ಳಿ,” ಅಂದ ಮಹೇಂದ್ರ.

ತಾನು ಮುಚ್ಚಿದ್ದು ತನಗೆ ಗೊತ್ತಿಲ್ಲವೇ? ವೀರಬಸಪ್ಪ ಮಂಚ ಹತ್ತಿ, ಗೋಡೆ ತಡವಿ, ಗವಾಕ್ಷಿಯ ಅಂಚು ಹುಡುಕಿ ಉಳಿ ಇಟ್ಟ. ಎಂಥ ಹಾಳು ಕೈಗುಣವೋ, ಸಿಮೆಂಟು ಕಲ್ಲಾಗಿ ಕೂತಿತ್ತು. ಧೂಳಿಗೆ ನಿಂಗವ್ವ ಕೆಮ್ಮಿ ಕೆಮ್ಮಿ ಹೈರಾಣಾದಳು, ಆದರೂ ಹೊರಗೆ ಹೋಗಲು ಒಪ್ಪಲಿಲ್ಲ. ಗಾಳಿ ಬರುವುದನ್ನು ಇಲ್ಲೇ ಕೂತು ನೋಡಬೇಕಂತೆ.

ಸಂಜೆ ಹೊತ್ತಿಗೆ ಕೊನೆಯ ಇಟ್ಟಿಗೆ ಕಳಚಿ ಕೈಗೆ ಬಂತು. ಆತುರದಿಂದ ತೋಳು ಆಚೆ ಚಾಚಿದ. ಅಂಗೈಗೆ ಗೋಡೆ ತಗುಲಿತು. ಪಕ್ಕದ ಸೈಟಿನಲ್ಲಿ ಹೋದ ವರ್ಷ ಎದ್ದ ಅಪಾರ್ಟ್‌ಮೆಂಟಿನ ಗೋಡೆ. ನಡುವೆ ಒಂದಿಷ್ಟಾದರೂ ಸಂದಿ ಬಿಟ್ಟಿರುತ್ತಾರೆ ಅಂದುಕೊಂಡಿದ್ದ. ಅಯ್ಯೋ, ಒಂದು ಗೇಣೂ ಬಿಟ್ಟಿರಲಿಲ್ಲ.

“ಗಾಳಿ ಬಂತೇನ್ರೀ?” ನಿಂಗವ್ವ ಕೇಳಿದಳು.

“ಬರಾಕ್ಹತ್ತೈತಿ. ಈ ಕಡೆ ಮುಖ ಮಾಡು,” ಅಂದ.

ಬಲ್ಬು ಕಣ್ಣಿಗೆ ಚುಚ್ಚುತ್ತದೆ ಎಂದು ನೆಪ ಹೇಳಿ ಆರಿಸಿದ. ಕತ್ತಲೆ ಮಾಡುವುದು ಅವನಿಗೆ ಗೊತ್ತಿದ್ದ ಕೆಲಸ. ಮೂಲೆಯಲ್ಲಿದ್ದ ರಟ್ಟು ಎತ್ತಿಕೊಂಡು, ತೂತಿನ ಪಕ್ಕ ನಿಂತು, ಸದ್ದಾಗದ ಹಾಗೆ ಬೀಸತೊಡಗಿದ.

“ತಂಪಾತು ನೋಡ್ರಿ,” ಅಂದಳು ನಿಂಗವ್ವ.

ಅವನು ಕೈ ಬದಲಿಸಿಕೊಂಡು ಬೀಸುತ್ತಲೇ ಇದ್ದ.